ಅಪ್ಪನ ಬಿಡದ ಕೈ

ನಮ್ಮ ಅಪ್ಪನಷ್ಟು ಅಂತಃಕರಣದ ಮನುಷ್ಯ ಇಂಡಿ ಊರಲ್ಲೇ ಇಲ್ಲ ಎಂಬ ಮಾತು ಚಡಚಣದವರೆಗೂ ಹಬ್ಬಿತ್ತು. ಅಪ್ಪನದು ನಿಂಬೆಹಣ್ಣಿನ ವ್ಯಾಪಾರ. ಯಾರದಾದರೂ ಕೈ ಹಿಡಿದರೆ ಬೇಗ ಬಿಡುತ್ತಿರಲಿಲ್ಲ. ಹಿಡಿದುಕೊಂಡೇ ಮಳೆಯ ವಿಷಯ ಕೇಳುತ್ತಿದ್ದ, ಮಕ್ಕಳ ವಿಷಯ ಕೇಳುತ್ತಿದ್ದ, ಎಮ್ಮೆ ಈದಿತೇ ಎಂದು ಕೇಳುತ್ತಿದ್ದ. ಗಡಿಯಾಚೆಯ ಮರಾಠಿ ವ್ಯಾಪಾರಿಗಳು ಕರಗಿ ನೀರಾಗುತ್ತಿದ್ದರು.

ನನಗೂ ಅಪ್ಪನದೇ ಮೈಕಟ್ಟು. ಹುಡುಗಿಯಾದರೂ ತೋಳು, ಮೀನಖಂಡ ಪೈಲ್ವಾನರ ಹಾಗೆ. ಆದರೆ ಕೂತಲ್ಲಿಂದ ಥಟ್ಟನೆ ಎದ್ದರೆ ಕಾಲು ಮರಗಟ್ಟಿಬಿಡುತ್ತಿತ್ತು. ನಾಲ್ಕು ಹೆಜ್ಜೆ ಎಳೆದಾಡಿದ ಮೇಲೆ ಸಡಿಲಾಗುತ್ತಿತ್ತು. ನೋವಂತೂ ಇರಲಿಲ್ಲ. ಅವ್ವ ಅದನ್ನು ಸೋಮಾರಿತನವೆಂದೇ ತಿಳಿದಿದ್ದಳು. "ಅಪ್ಪನ ಮಗಳು, ಏಳಾಕ ಪಂಚಾಂಗ ನೋಡ್ತಾಳ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಶಾಲೆಗೆ ಆಟ ಕಲಿಸುವ ಒಬ್ಬ ಟೀಚರಮ್ಮ ಬಂದರು; ನಮಗೆಲ್ಲ ಅವರು ಅಕ್ಕೋರು. ಮೈದಾನದಲ್ಲಿ ನಾನು ಓಡುವುದನ್ನು ಕಂಡು ಖೋ-ಖೋ ತಂಡಕ್ಕೆ ಸೇರಿಸಿಕೊಂಡರು. ದಿನಾ ಅಭ್ಯಾಸಕ್ಕೆ ಮುಂಚೆ ಮೈದಾನ ಸುತ್ತಿಸುತ್ತಿದ್ದರಿಂದ ನನ್ನ ಕಾಲಿನ ಗುಟ್ಟು ಅವರಿಗೆ ತಿಳಿಯಲೇ ಇಲ್ಲ. ನನಗೂ ಅದೊಂದು ಗುಟ್ಟು ಅಂತ ಗೊತ್ತಿರಲಿಲ್ಲ.

ಪಂದ್ಯ ಬಸವನ ಬಾಗೇವಾಡಿಯಲ್ಲಿ, ಮುದ್ದೇಬಿಹಾಳದ ಹುಡುಗಿಯರ ಮೇಲೆ. ಅಪ್ಪ ಒಂದು ಚೀಲ ನಿಂಬೆಹಣ್ಣಿನ ಜೊತೆ ನಮ್ಮ ಬಸ್ಸನ್ನೇ ಹತ್ತಿದ. ಬಸ್ಸು ದಾರಿಯುದ್ದಕ್ಕೂ ನಿಂತು ನಿಂತು ಹೊರಟು ತಡವಾಯಿತು. ಇಳಿದವರು ಮೈದಾನ ಸುತ್ತಲೂ ಹೊತ್ತಿಲ್ಲದೆ ಸೀದಾ ಅಂಕಣಕ್ಕೆ ಹೋಗಿ ಸಾಲಾಗಿ ಕುಕ್ಕರಗಾಲಲ್ಲಿ ಕೂತೆವು. ಹಿಂದಿನಿಂದ ಗೆಳತಿಯ ಕೈ ಬೆನ್ನಿಗೆ ಬಿತ್ತು. "ಖೋ!"

ನಾನು ಎದ್ದೆ. ಕಾಲು ಏಳಲಿಲ್ಲ. ಕಡಿದ ಬೇವಿನ ಮರದ ಹಾಗೆ ಮೂಗು ಮುಂದಾಗಿ ಮಣ್ಣಿಗೆ ಬಿದ್ದೆ. ನನ್ನ ಜಾಗಕ್ಕೆ ಕೂರಲು ಬಂದವಳು ನನ್ನ ಮೇಲೆ, ಅವಳನ್ನು ಎಬ್ಬಿಸಲು ಬಂದವಳು ಅವಳ ಮೇಲೆ. ಮುದ್ದೇಬಿಹಾಳದವರು ಓಡುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಕೆಳಗೆ ಬಿದ್ದಿದ್ದ ನನಗೂ ನಗು ಉಕ್ಕಿ, ಬಾಯಿತುಂಬ ಮಣ್ಣು.

ಮೂಗಿನಿಂದ ರಕ್ತ ಬರುತ್ತಿತ್ತು. ಅಪ್ಪ, ಅಕ್ಕೋರು ಸೇರಿ ಹತ್ತಿರದ ದವಾಖಾನೆಗೆ ಕರೆದೊಯ್ದರು. ಅಲ್ಲಿದ್ದವರು ಮೈಸೂರು ಕಡೆಯ ಎಳೆಯ ಡಾಕ್ಟರು. ಹತ್ತಿ ಇಟ್ಟು ರಕ್ತ ನಿಲ್ಲಿಸಿ, "ಏನೂ ಆಗಿಲ್ಲ, ಆಡೋಕೆ ಹೋಗಬಹುದು" ಎಂದರು. ಅಪ್ಪ ಸಂತೋಷದಿಂದ ಅವರ ಕೈ ಹಿಡಿದ. ಹಿಡಿದೇ ಇದ್ದ.

"ಸಾಕು, ಕೈ ಬಿಡಿ" ಎಂದರು ಡಾಕ್ಟರು.

"ಬಿಡಾಕತ್ತೇನ್ರಿ. ಅದ ಬಿಡವಲ್ತು."

ಡಾಕ್ಟರ ಕಣ್ಣು ಹೊಳೆಯಿತು. ಅಪ್ಪನ ಕೈ ಸಡಿಲಾದದ್ದೇ ತಡ, ರಬ್ಬರಿನ ಪುಟ್ಟ ಸುತ್ತಿಗೆ ತಂದು ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಟಕ್ ಎಂದು ಬಡಿದರು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡು ಅಲ್ಲೇ ನಿಂತಿತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಹೊರಗೆ ಬಂತು. ನನ್ನದನ್ನು ಬಡಿದರು. ನನ್ನದೂ ಹಾಗೇ! ಅಕ್ಕೋರದು ಅಲ್ಲಾಡಲೇ ಇಲ್ಲ. ಡಾಕ್ಟರು ನರ್ಸಮ್ಮನನ್ನು ಕರೆದರು, ಕಂಪೌಂಡರನ್ನು ಕರೆದರು. "ಕಾಲೇಜಿನಲ್ಲಿ ಓದಿದ್ದೆ, ಕಂಡಿರಲಿಲ್ಲ. ಒಂದೇ ಮನೆಯಲ್ಲಿ ಎರಡು!" ಎಂದು ಲಾಟರಿ ಹೊಡೆದವರಂತೆ ಕುಣಿದರು.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಬಿಗಿದ ಸ್ನಾಯು ಮತ್ತೆ ಸಡಿಲಾಗಬೇಕಾದರೆ ಅದರ ಪೊರೆಯ ಮೂಲಕ ಉಪ್ಪಿನ ಒಂದು ಅಂಶ ಸರಾಗವಾಗಿ ಹರಿಯಬೇಕು. ನಮ್ಮಿಬ್ಬರ ಮೈಯಲ್ಲಿ ಆ ಹರಿವು ಕಡಿಮೆ. ಅದಕ್ಕೇ ಬಿಗಿದದ್ದು ಬೇಗ ಬಿಡುವುದಿಲ್ಲ. ಹತ್ತಾರು ಸಲ ಆಡಿಸಿದರೆ ಸಡಿಲಾಗುತ್ತದೆ. ಹುಟ್ಟಿನಿಂದ ಬಂದದ್ದು, ಜೀವಕ್ಕೇನೂ ಭಯವಿಲ್ಲ.

ಅಪ್ಪನ ಮುಖ ಸಣ್ಣದಾಯಿತು. "ಹಂಗಾರ ನನ್ನ ಪ್ರೀತಿ ಎಲ್ಲಾ ರೋಗೇನ್ರಿ?"

ನರ್ಸಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಡಾಕ್ಟರು, "ಕೈ ಬಿಡದೇ ಇರೋದು ಸ್ನಾಯು. ಎಮ್ಮೆ, ಮಕ್ಕಳನ್ನ ವಿಚಾರಿಸೋದು ನೀವೇ" ಎಂದರು. ಎಮ್ಮೆಯ ವಿಷಯ ಇವರಿಗೆ ಹೇಗೆ ಗೊತ್ತು ಎಂದು ನೋಡಿದರೆ, ಮೂಗಿಗೆ ಹತ್ತಿ ಇಡುವ ಹೊತ್ತಿನಲ್ಲೇ ಅಪ್ಪ ಅವರ ಮನೆಯ ಎಮ್ಮೆಯನ್ನೂ ವಿಚಾರಿಸಿ ಮುಗಿಸಿದ್ದ! ಎಲ್ಲರೂ ಒಟ್ಟಿಗೆ ನಕ್ಕೆವು. ಅಪ್ಪನಂತೂ ನಗುತ್ತಾ ಗೋಡೆಗೆ ಒರಗಿದ.

ಮೈದಾನಕ್ಕೆ ಮರಳಿದಾಗ ಓಡುವ ಸರದಿ ನಮ್ಮದು. ಅಕ್ಕೋರು ನನ್ನನ್ನು ಕೂರಲು ಬಿಡಲಿಲ್ಲ. "ನಿಂತಲ್ಲೇ ಜಿಗೀತಿರು, ನಿಲ್ಲಬ್ಯಾಡ!" ಎಂದರು. ಮೂಗಿನಲ್ಲಿ ಹತ್ತಿ ಇಟ್ಟುಕೊಂಡು ಗೆರೆಯ ಹೊರಗೆ ನಾನು ಕಪ್ಪೆಯ ಹಾಗೆ ಜಿಗಿದೆ. ಒಳಗೆ ಹೋದ ಮೇಲೆ ಕಾಲಿಗೆ ಗಾಳಿ ತುಂಬಿದಂತಾಯಿತು. ಕಂಬ ಸುತ್ತಿದೆ, ಸಾಲಿನ ನಡುವೆ ನುಸುಳಿದೆ, ಒಬ್ಬಳು ಬೆನ್ನು ಮುಟ್ಟುವಷ್ಟರಲ್ಲಿ ಆಚೆ ಇದ್ದೆ. ಸೀಟಿ ಊದುವವರೆಗೂ ಸಿಗಲಿಲ್ಲ. ಆಸ್ಪತ್ರೆ ಮುಚ್ಚಿ ನೋಡಲು ಬಂದಿದ್ದ ಡಾಕ್ಟರು ನಮ್ಮ ಪರವಾಗಿ ಕೂಗಿ ಕೂಗಿ ದನಿ ಕಳೆದುಕೊಂಡರು. ಪಂದ್ಯ ಸೋತೆವು. ಆದರೂ ಅಪ್ಪನ ನಿಂಬೆಹಣ್ಣಿನ ಪಾನಕ ಕುಡಿದು, ಗೆದ್ದವರಿಗಿಂತ ಹೆಚ್ಚು ಗದ್ದಲ ಮಾಡಿದೆವು.

ಡಾಕ್ಟರು ಬರೆದುಕೊಟ್ಟ ಕಹಿ ಗುಳಿಗೆಯನ್ನು ಸ್ವಲ್ಪ ದಿನ ನುಂಗಿ ಬಿಟ್ಟುಬಿಟ್ಟೆ. ಆ ಉಪ್ಪಿನ ಅಂಶ ಕ್ಲೋರೈಡ್ ಎಂದೂ, ಅದು ಹಾಯುವ ಸಣ್ಣ ದಾರಿಗೆ ಅಯಾನ್ ಚಾನೆಲ್ ಎನ್ನುತ್ತಾರೆಂದೂ ಬಹಳ ವರ್ಷಗಳ ಮೇಲೆ ತಿಳಿಯಿತು. ಎದೆ ಬಡಿಯುವುದೂ ನರ ಮಿಡಿಯುವುದೂ ಇಂಥ ದಾರಿಗಳಿಂದಲೇ. ಬೇರೆ ಬೇರೆ ದಾರಿ ಕೆಟ್ಟರೆ ಕೆಲವರಿಗೆ ಎದೆಬಡಿತ ತಪ್ಪುತ್ತದೆ, ಕೆಲವರಿಗೆ ಮೂರ್ಛೆ ಬರುತ್ತದೆ. ನಮ್ಮ ಪಾಲಿಗೆ ಬಂದದ್ದು ಎಷ್ಟು ಸೌಮ್ಯವಾದದ್ದೆಂದು ಆಗ ಅರ್ಥವಾಯಿತು.

ಆ ದಶಕ ಮುಗಿಯುವ ಮುನ್ನ ಸಿಂದಗಿಯಿಂದ ಒಂದು ಸಂಬಂಧ ಬಂತು. ಮುಚ್ಚಿಡಬಾರದೆಂದು ಹುಡುಗನಿಗೆ ನಾನೇ ಹೇಳಿದೆ: "ನನಗ ಲಗೂನ ಏಳಾಕ ಆಗೂದಿಲ್ರಿ."

ಅವರು ತೀರಾ ಗಂಭೀರವಾಗಿ, "ನಾನೂ ಮುಂಜಾನೆ ತಡಾನ ಏಳೂದ್ರಿ. ಚಾ ನಮ್ಮವ್ವ ಮಾಡ್ತಾಳ" ಎಂದರು.

ಇದು ಕಾಲಿನ ಮಾತು ಎಂದು ಬಿಡಿಸಿ ಹೇಳಲು ಬಾಯಿ ತೆರೆದೆ. ಬರೀ ನಗು ಬಂತು.