ಒಳಮುಖದ ವಿಮಾನ

ಗೋಡೆಗೆ ಚಿತ್ರ ತೂಗುಹಾಕುವುದು ಬರೀ ಮೊಳೆ, ಸುತ್ತಿಗೆಗಳ ವಿಷಯವೆಂದು ನೀವು ತಿಳಿದಿದ್ದರೆ ಗೌರಿಬಿದನೂರಿನ ನಮ್ಮ ಮನೆಗೊಮ್ಮೆ ಬರಬೇಕು. ಚಿತ್ರದಲ್ಲಿ ಚಲಿಸುವುದು ಏನೇ ಇರಲಿ, ಕುದುರೆಯಾಗಲಿ ಹಡಗಾಗಲಿ, ಅದರ ಮುಖ ಮನೆಯೊಳಕ್ಕಿರಬೇಕು. ಬಾಗಿಲ ಕಡೆಗಿದ್ದರೆ ಲಕ್ಷ್ಮಿ ಅದನ್ನೇರಿ ಹೊರಟುಬಿಡುತ್ತಾಳೆಂಬುದು ನನ್ನ ತಾಯಿಯ ಶಾಸನ.

ನನಗೋ ಹಳೆಯ ಸೇನಾವಿಮಾನಗಳ ಹಾರಾಟವನ್ನು ಕ್ಯಾಮೆರಾದಲ್ಲಿ ಹಿಡಿಯುವ ಹುಚ್ಚು. ಹುಚ್ಚೆಂದೆನಾದರೂ ಈ ವಿದ್ಯೆಯಲ್ಲಿ ನಾನೀಗ ಸಾಮಾನ್ಯನಲ್ಲ, ಸಂಕೋಚವಿಲ್ಲದೆ ಹೇಳುತ್ತೇನೆ. ಜೆಟ್ ವಿಮಾನದ ಚಿತ್ರವನ್ನು ಯಾರು ಬೇಕಾದರೂ ತೆಗೆದಾರು. ಪ್ರೊಪೆಲ್ಲರಿನ ಮುದಿ ವಿಮಾನ ಹಾಗಲ್ಲ. ಕ್ಷಣವನ್ನು ತೀರ ಚೂಪಾಗಿ ಕತ್ತರಿಸಿದರೆ ಪ್ರೊಪೆಲ್ಲರ್ ನಿಶ್ಚಲವಾಗಿ, ಎಂಜಿನ್ ಕೆಟ್ಟು ಈಗಲೇ ಬೀಳುವಂತೆ ಕಾಣುತ್ತದೆ. ಕ್ಯಾಮೆರಾದ ಶಟರನ್ನು ತುಸು ನಿಧಾನಿಸಿ, ಪಾದ ಕದಲದಂತೆ ಸೊಂಟವನ್ನು ಮಾತ್ರ ವಿಮಾನದ ವೇಗಕ್ಕೆ ತಿರುಗಿಸಿದರಷ್ಟೇ ಪ್ರೊಪೆಲ್ಲರ್ ಸುತ್ತುತ್ತದೆ, ವಿಮಾನದ ಮೈ ಸ್ಪಷ್ಟವಾಗಿ ನಿಲ್ಲುತ್ತದೆ. ಈ ಸೊಂಟವಿದ್ಯೆಯನ್ನು ನಾನು ಸಾಧಿಸಿದ್ದು ತೊಂಡೇಬಾವಿ ನಿಲ್ದಾಣದಲ್ಲಿ, ಹಾದುಹೋಗುವ ರೈಲುಗಳ ಮೇಲೆ. ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, “ಸೊಂಟ ಉಳುಕೈತೇನಪ್ಪಾ? ಎಣ್ಣೆ ಹಚ್ಕೋ” ಎಂದು ಕನಿಕರಿಸಿದ್ದರು.

ಈ ಸಲ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಡಕೋಟ ಎಂಬ ಮುದಿ ಪ್ರೊಪೆಲ್ಲರ್ ವಿಮಾನ ಬಂತು, ನಾನು ತಿರುಗಿದೆ, ಸಿಕ್ಕಿತು. ವರ್ಷಗಳಿಂದ ಬಯಸಿದ ಚಿತ್ರ. ಕಟ್ಟು ಹಾಕಿಸಿ ತಂದು ಹಜಾರದ ಖಾಲಿ ಗೋಡೆಗೆ ಹಿಡಿದೆ.

“ಅಯ್ಯೋ ದೇವುಡಾ, ಮೂತಿ ಬಾಗ್ಲ ಕಡೆ ಐತಲ್ಲೋ! ಹೊರಗೆ ಹೊರಟಿರೋದನ್ನ ಯಾರಾದ್ರೂ ಮನೇಲಿ ಹಾಕ್ತಾರಾ?” ಎಂದರು ಅಮ್ಮ.

ಕಟ್ಟು ಹಾಕುವವನು ಕನ್ನಡಿಯ ಬಿಂಬದಂತೆ ತಿರುಗಿಸಿ ಮುದ್ರಿಸಿಕೊಡುತ್ತೇನೆಂದ. ವಿಮಾನದ ಮೈಮೇಲಿನ ಅಕ್ಷರಗಳೆಲ್ಲ ತಿರುಗುಮುರುಗಾಗುವ ಆ ದ್ರೋಹಕ್ಕೆ ನಾನು ಒಪ್ಪಲಿಲ್ಲ. ಎದುರು ಗೋಡೆಯಲ್ಲಾದರೆ ಮೂತಿ ತಾನೇ ಒಳಮುಖವಾಗುತ್ತಿತ್ತು. ಆದರೆ ಅಲ್ಲಿದ್ದದ್ದು ತೀರಿಹೋದ ಅಪ್ಪನ ಭಾವಚಿತ್ರ. ಅದನ್ನು ಸರಿಸೋಣವೇ ಎಂದು ಕೇಳುವ ಧೈರ್ಯ ನನ್ನ ಆತ್ಮವಿಶ್ವಾಸದ ಯಾವ ಮೂಲೆಯಲ್ಲೂ ಇರಲಿಲ್ಲ. ವಿಮಾನ ಬೀರುವಿನ ಹಿಂದೆ ಬಂದಿಳಿಯಿತು.

ಒಂದು ಸಂಜೆ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ, ಡಕೋಟ ಅಪ್ಪನ ಗೋಡೆಯ ಮೇಲೆ ಮನೆಯೊಳಕ್ಕೆ ಹಾರುತ್ತಿದೆ. ಅಪ್ಪ ಅಲ್ಲಿಲ್ಲ. ಅಡುಗೆಮನೆಗೆ ಓಡಿದೆ. ಒಲೆಯ ಎದುರಿನ ಗೋಡೆಯಲ್ಲಿ, ಹೊಸ ಹೂವಿನ ಹಾರ ಹಾಕಿಕೊಂಡು, ಅಪ್ಪ ಇದ್ದರು.

ಅಮ್ಮ ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ. “ಬಂದೋರನ್ನ ಹೋದೋರನ್ನ ಇಷ್ಟ್ ವರ್ಷ ನೋಡ್ಕೊಂಡ್ ಕೂತಿದ್ದಾಯ್ತು. ಇನ್ಮೇಲೆ ನನ್ನೂ ಸ್ವಲ್ಪ ನೋಡ್ಲಿ ಬಿಡು” ಎಂದರು.