ಮಳೆ ಪುಸ್ತಕದ ಬಲ ಮಗ್ಗುಲು

ಮಲ್ಲಂದೂರು ಕಡೆಯ ಕಾಫಿ ಬೆಳೆಗಾರರಿಗೆ ಬೆಳಗಾದರೆ ಒಂದೇ ಚಿಂತೆ, ನಿನ್ನೆ ಎಷ್ಟು ಮಳೆಯಾಯಿತು ಎಂದು. ಅಂಗಳದಲ್ಲಿ ನೆಟ್ಟ ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾರಿಗೆ ಸುರಿದು, ಇಷ್ಟು ಇಂಚು, ಇಂಚಿನ ನೂರರ ಪಾಲಾದ ಇಷ್ಟು ಸೆಂಟು ಎಂದು ಪುಸ್ತಕಕ್ಕೆ ಬರೆದು, ಅಕ್ಕಪಕ್ಕದ ತೋಟದವರೊಡನೆ ಹೋಲಿಸಿ ನೋಡದಿದ್ದರೆ ಇವರಿಗೆ ತಿಂಡಿ ಗಂಟಲಲ್ಲಿ ಇಳಿಯುವುದಿಲ್ಲ. ಲಕ್ಕಪ್ಪಗೌಡರೂ ಇದೇ ಪೈಕಿ.

ಅವರ ಹೆಂಡತಿ ತುಂಗಮ್ಮ ಮದುವೆಯಾಗಿ ಬಂದ ಹೊಸದರಲ್ಲೇ ಆ ಪುಸ್ತಕದ ಬಲ ಮಗ್ಗುಲು ಖಾಲಿ ಬಿದ್ದಿರುವುದನ್ನು ಕಂಡಿದ್ದಳು. ಗಂಡ ಎಡಗಡೆ ಮಳೆ ಬರೆದರೆ ಇವಳು ಬಲಗಡೆ ಒಂದು ಸಾಲು ಬರೆಯತೊಡಗಿದಳು. ಹಸು ಕರು ಹಾಕಿದ್ದು, ಸೌದೆ ಹಸಿಯಿದ್ದು ಒಲೆ ಹತ್ತದೆ ಗೋಳಾಡಿಸಿದ್ದು, ತವರು ನೆನಪಾದದ್ದು. ಹೈಸ್ಕೂಲಿಗೇ ಓದು ಬಿಟ್ಟು ಬಂದವಳಿಗೆ ಆ ಒಂದು ಸಾಲು ಬರೆದರೆ ಎದೆ ಹಗುರಾಗುತ್ತಿತ್ತು. ಗೌಡರೂ ಬೇಡವೆನ್ನಲಿಲ್ಲ. ತಮ್ಮದು ಬರೆದು, ಪೆನ್ನನ್ನು ಅವಳ ಕೈಗೆ ಕೊಟ್ಟೇ ಏಳುತ್ತಿದ್ದರು.

ತೊಂಬತ್ತಾರರ ಮಳೆಗಾಲದಲ್ಲಿ ಒಂದು ದಿನ ನಾಲ್ಕು ಜನ ಬೆಳೆಗಾರರು ಜಗಲಿಯಲ್ಲಿ ಸೇರಿದ್ದರು. ಗೌಡರು ಪುಸ್ತಕ ತೆರೆದು ಎಡಗಡೆಯದನ್ನು ಓದಿ, ಹರಟೆಯ ಹುರುಪಿನಲ್ಲಿ ಬಲಗಡೆಯದನ್ನೂ ಗಟ್ಟಿಯಾಗಿ ಓದಿಬಿಟ್ಟರು: ‘ನಿನ್ನೆಯೆಲ್ಲ ನನ್ನ ಹತ್ತಿರ ಯಾರೂ ಮಾತಾಡಲಿಲ್ಲ, ಮಳೆ ಬಿಟ್ಟರೆ.’

“ನಮ್ಮನೇರು ಮಳೆ ಜೊತೆ ಮಾತಾಡ್ತಾರೆ ಮಾರಾಯ್ರೇ. ಎಷ್ಟು ಇಂಚು ಮಾತಾಡಿದ್ರು ಅಂತ ಅದನ್ನೂ ಅಳೀಬೇಕು,” ಎಂದರು.

ಜಗಲಿಗೆ ಜಗಲಿಯೇ ನಕ್ಕಿತು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ತುಂಗಮ್ಮನ ಮುಖವನ್ನು ಒಬ್ಬರೂ ನೋಡಲಿಲ್ಲ. ಅವಳು ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದಳು.

ಮಾರನೇ ಬೆಳಿಗ್ಗೆ ಗೌಡರು ಪೆನ್ನು ಕೊಡಲು ಬಂದರೆ “ಕೈ ಒದ್ದೆ” ಎಂದಳು. ಅದರ ಮಾರನೇ ದಿನವೂ ಕೈ ಒದ್ದೆಯೇ. ಆಮೇಲೆ ಗೌಡರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೇ ಏಳತೊಡಗಿದರು. ಹೆಂಡತಿಯ ಮುಂದೆ ತಪ್ಪಾಯಿತು ಎನ್ನಲು ಗಂಡಸರ ನಾಲಿಗೆ ಎಲ್ಲಿ ಹೊರಳುತ್ತದೆ? ಅವಳೂ ಹಟ ಬಿಡಲಿಲ್ಲ. ಹಾಗೇ ಹನ್ನೊಂದು ವರ್ಷ ಕಳೆಯಿತು.

ಎರಡು ಸಾವಿರದ ಏಳರ ಬೇಸಿಗೆ ಹೊತ್ತಿಗೆ ಗೌಡರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಅದು ಹೂಮಳೆಗೆ ಕಾಯುವ ಕಾಲ. ಒಂದು ಹದ ಮಳೆ ಬೀಳದೆ ಕಾಫಿಯ ಮೊಗ್ಗು ಅರಳುವುದಿಲ್ಲ. ಗೌಡರು ಮಂಚದಿಂದಲೇ ದಿನಾ “ಮೋಡ ಆಗಿದ್ಯಾ?” ಎಂದು ಕೇಳುವರು. “ಇಲ್ಲ” ಎನ್ನುವಳು. ಗಂಜಿ, ಔಷಧಿ, ಮೈ ಒರೆಸುವುದು ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಮಾತು ಮಾತ್ರ ಅಷ್ಟೇ.

ಒಂದು ಮಧ್ಯಾಹ್ನ ಗೌಡರು ಕೈಸನ್ನೆ ಮಾಡಿ ಹತ್ತಿರ ಕರೆದರು.

“ತುಂಗಾ, ಮಳೆ ಬಂದ್ರೆ ನೀನೇ ಬರಿ.”

“ಬರೀತೀನಿ. ಇಂಚು ನೋಡೋಕೆ ನಂಗೂ ಬರುತ್ತೆ.”

“ಅದು ನಂದು. ನಿಂದು... ಆ ಕಡೇದು.” ಗೌಡರು ಉಸಿರು ಎಳೆದುಕೊಂಡರು. “ನಾನು ಅವತ್ತು ಓದಬಾರ್ದಿತ್ತು.”

ಈ ಒಂದು ಮಾತಿಗಾಗಿ ಇಷ್ಟು ವರ್ಷ ಕಾದವಳು ಅವಳು. ಕೇಳಿದ ಮೇಲೆ ಸಮಾಧಾನವಾಗುವ ಬದಲು ಸಿಟ್ಟು ಉಕ್ಕಿತು. ಇಷ್ಟು ಸುಲಭವಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ ಈ ಮನುಷ್ಯ?

“ಈಗ ಬರೆಯೋಕೆ ಏನಿದೆ,” ಎಂದು ಗಂಜಿಯ ಬಟ್ಟಲು ಎತ್ತಿಕೊಂಡು ಹೋದಳು.

ಅಡುಗೆಮನೆಯಲ್ಲಿ ಕೂತು ಅತ್ತಳು. ಅತ್ತು ಮುಗಿಯುವಷ್ಟರಲ್ಲಿ ಮನಸ್ಸು ಮೆತ್ತಗಾಗಿತ್ತು. ಮಳೆ ಬರಲಿ, ಬರೆದು ನಾನೇ ಓದಿ ಹೇಳುತ್ತೇನೆ ಎಂದುಕೊಂಡಳು. ಎದ್ದು ಹೋಗಿ ಅದನ್ನು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮಳೆ ಬಂದ ದಿನ ತಾನಾಗಿ ಗೊತ್ತಾಗುತ್ತದಲ್ಲ ಎಂದು ಗಂಜಿಯ ಬಟ್ಟಲು ತೊಳೆಯತೊಡಗಿದಳು.

ಮಳೆಗಿಂತ ಮೊದಲು ಗೌಡರು ಹೋದರು. ತಿಥಿ ಮುಗಿಯಿತು, ನೆಂಟರು ಗಾಡಿ ಹತ್ತಿದರು. ಮಾರನೇ ಸಂಜೆ ಗುಡುಗು ಸಮೇತ ಮಳೆ ಹೊಯ್ಯಿತು.

ಬೆಳಿಗ್ಗೆ ತುಂಗಮ್ಮ ಜಾರನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಇಂಚು ಹತ್ತು ಸೆಂಟು, ಗೌಡರಿದ್ದಿದ್ದರೆ ಕುಣಿಯುವಂಥ ಮಳೆ. ಎಡಗಡೆ ಅದನ್ನು ಬರೆದಳು. ಬಲಗಡೆಗೆ ಬಂದಾಗ ಮೊದಲ ಪದವನ್ನೇ ಹೊಡೆದುಹಾಕಿ ಮತ್ತೆ ಬರೆದಳು. ಬೇರೆ ಏನೇನೋ ಬರೆಯಬೇಕೆಂದಿದ್ದಳು, ಬಂದದ್ದು ಹಳೆಯ ಸಾಲೇ.

ಪುಸ್ತಕ ಹಿಡಿದು ಹೋಗಿ ಖಾಲಿ ಮಂಚದ ತುದಿಗೆ ಕೂತಳು. ಗೌಡರು ಅವತ್ತು ಓದಿದ ಹಾಗೆಯೇ ಮೊದಲು ಎಡಗಡೆಯದನ್ನು, ಆಮೇಲೆ ಬಲಗಡೆಯದನ್ನು ಗಟ್ಟಿಯಾಗಿ ಓದಿದಳು.

“ನಿನ್ನೆಯೆಲ್ಲ ನನ್ನ ಹತ್ತಿರ ಯಾರೂ ಮಾತಾಡಲಿಲ್ಲ, ಮಳೆ ಬಿಟ್ಟರೆ.”

ಓದಿ, ಯಾರಾದರೂ ನಗಲಿ ಎಂದು ಸ್ವಲ್ಪ ಹೊತ್ತು ಕಾದಳು.