ಕಾಶವ್ವನೆದುರು ದನಿ ಕೊಟ್ಟದ್ದು

ನಗೆಚಿತ್ರ ನೋಡಲು ಕುಳಿತವರು ಪರದೆಯನ್ನು ನೋಡುವುದಕ್ಕಿಂತ ಪಕ್ಕದವರ ಮುಖ ನೋಡುವುದೇ ಹೆಚ್ಚು. ಅವರು ನಕ್ಕರೆ ನಾವೂ ನಗುತ್ತೇವೆ, ಅವರು ಸುಮ್ಮನಿದ್ದರೆ ನಮ್ಮ ನಗೆಯೂ ಗಂಟಲಲ್ಲೇ ಕೆಮ್ಮಾಗಿ ಮುಗಿಯುತ್ತದೆ. ಈ ದಿವ್ಯಜ್ಞಾನ ನನಗೆ ಪ್ರಾಪ್ತವಾದದ್ದು ಅನುಕರಣ ಕಲೆಯ ಕೃಪೆಯಿಂದ. ಬನಹಟ್ಟಿಯ ನೂಲಿನ ವ್ಯಾಪಾರಿಯಿಂದ ಜಮಖಂಡಿ ಬಸ್ಸಿನ ಕಂಡಕ್ಟರನವರೆಗೆ ಎಲ್ಲರ ದನಿ ಕದ್ದವನು ನಾನು. ಒಮ್ಮೆ ಕನ್ನಡಿಯೆದುರು ನನ್ನದೇ ನಕಲು ಮಾಡಿ, ಚೆನ್ನಾಗಿ ಬರಲಿಲ್ಲವೆಂದು ಕೈಬಿಟ್ಟವನೂ ನಾನೇ.

ಆದ್ದರಿಂದಲೇ ಗೆಳೆಯ ಮಲ್ಲು, ಮಗ್ಗಕ್ಕೆ ಸೂಟಿಯಿದ್ದ ಒಂದು ಮಧ್ಯಾಹ್ನ, ಇಂಗ್ಲಿಷ್ ಚಿತ್ರವೊಂದಕ್ಕೆ ಕನ್ನಡದ ದನಿ ಕೊಡಲು ನನ್ನನ್ನು ಮನೆಗೆ ಕರೆದ. ಚಿತ್ರ ಹೈಸ್ಕೂಲು ಹುಡುಗರ ವಿಡಂಬನೆ. ಹುಡುಗನೊಬ್ಬ ತಾನು ಸಲಿಂಗಿಯೆಂದು ಗೆಳೆಯನ ಕಿವಿಯಲ್ಲಿ ಹೇಳುತ್ತಾನೆ. ಮರುದಿನ ಇಡೀ ಶಾಲೆ ಔದಾರ್ಯದ ಜ್ವರ ಬಂದಂತೆ ಎದ್ದು, ಬ್ಯಾನರು ಕಟ್ಟಿ, ಸಮಿತಿ ರಚಿಸಿ, ಅವನನ್ನು ವೇದಿಕೆಗೇರಿಸಿ ಸತ್ಕರಿಸುತ್ತದೆ. ಪಾಪ, ಅವನಿಗೆ ಬೇಕಾದದ್ದು ಗಣಿತದ ಪರೀಕ್ಷೆ ಬರೆಯಲು ಒಂದಿಷ್ಟು ಶಾಂತಿ.

ಹಿಂದಿನ ವಾರ ಮಲ್ಲು ನನ್ನ ಕಿವಿಯಲ್ಲೂ ತನ್ನ ಬಗ್ಗೆ ಅದೇ ಮಾತು ಹೇಳಿದ್ದ. ಅವ್ವ ಕಾಶವ್ವನಿಗೆ ಹೇಳುವ ಧೈರ್ಯ ಇನ್ನೂ ಬಂದಿರಲಿಲ್ಲ; ಮೊದಲು ಈ ಚಿತ್ರ ತೋರಿಸಿ ಆಕೆಯ ಮನಸ್ಸು ಅಳೆಯುವುದು ಅವನ ಲೆಕ್ಕ. "ಲೇ, ನೀ ಅವ್ವನ್ನ ನಗಸಾಕ ಹೋಗಬ್ಯಾಡ. ಆಕಿ ಎಲ್ಲಿ ನಗತಾಳ, ಅಷ್ಟ ನೋಡು," ಎಂದು ಬಾಗಿಲಲ್ಲೇ ತಾಕೀತು ಮಾಡಿದ.

ತಾಕೀತು ಪಾಲಿಸುವ ಕಲಾವಿದ ಬೇಕಿದ್ದರೆ ಅವನು ಬೇರೆ ಯಾರನ್ನಾದರೂ ಕರೆಯಬೇಕಿತ್ತು. ಟೀವಿಯ ಸದ್ದು ಅಡಗಿಸಿ, ಪರದೆಯಡಿಯ ಅಕ್ಷರಗಳನ್ನು ನನ್ನ ಪಾಸ್‌ಕ್ಲಾಸ್ ಇಂಗ್ಲಿಷಿನಲ್ಲಿ ತಡಕಾಡುತ್ತ, ಹೆಡ್‌ಮಾಸ್ತರನಿಗೆ ನೂಲಿನ ವ್ಯಾಪಾರಿಯ ದನಿಯನ್ನೇ ಕೊಟ್ಟೆ. ಸತ್ಕಾರದ ದೃಶ್ಯಕ್ಕೆ, ಕಾಶವ್ವನ ಜೊತೆ ನೋಡಲು ಕುಳಿತಿದ್ದ ಮಲ್ಲುವಿನ ಕಾಕಾ ಗಂಭೀರವಾಗಿ, "ಅವಗ್ಯಾಕ ಹಾರಾ ಹಾಕಾಕತ್ತಾರ್ಲೇ? ಪಾಸ್ ಆಗ್ಯಾನೇನು?" ಎಂದು ಕೇಳಿದರು. ಅವರನ್ನು ನಗಿಸಲೇಬೇಕೆಂಬ ದುರಾಸೆಗೆ ಬಿದ್ದು, ಹುಡುಗ ಬಾಯಿ ತೆರೆದಾಗಲೆಲ್ಲ ಮೂಗಿನಿಂದ ಎಳೆದ, ಬಳುಕುವ ದನಿಯೊಂದನ್ನು ಹಚ್ಚಿದೆ. ಕಾಕಾ ತೊಡೆ ತಟ್ಟಿಕೊಂಡು ನಕ್ಕರು. ಮಲ್ಲು ಗೋಡೆ ನೋಡಿದ. ಕಾಶವ್ವ ನಗಲಿಲ್ಲ.

ನಾನೊಂದು ಮರೆತಿದ್ದೆ. ಕಾಶವ್ವನಂತೆ ಪಾವರ್‌ಲೂಮಿನ ಗದ್ದಲದಲ್ಲಿ ಆಯುಷ್ಯ ಕಳೆದವರು ಮಾತನ್ನು ಬರೀ ಕಿವಿಯಿಂದ ಕೇಳುವುದಿಲ್ಲ. ಎದುರಿನವರ ತುಟಿಯಿಂದ ತೆಗೆದುಕೊಳ್ಳುತ್ತಾರೆ.

"ತಮ್ಮಾ, ನಿಂದರಸು ಅದನ್ನ," ಎಂದಳು ಕಾಶವ್ವ. "ಆ ಹುಡುಗನ ದನಿ ಹಂಗಿಲ್ಲ. ಬಾಯಿ ನೋಡು, ಹಗುರಕ ಮಾತಾಡಾಕತ್ತಾನ. ಅಂಜ್ಯಾನ ಅವ. ನೀ ಯಾಕ ಅವನ್ನ ಕುಣಸತೀ?"

ನಾನು ಚಿತ್ರವನ್ನು ಅಲ್ಲೇ ನಿಲ್ಲಿಸಿದೆ. ಕಾಕಾ ಎಲಿಅಡಿಕಿ ಉಗುಳಲು ಹೊರಗೆದ್ದು ಹೋದರು. ಪರದೆಯ ಮೇಲೆ ಹುಡುಗ ತಾಯಿಯೆದುರು ಬಾಯಿ ತೆರೆದು ನಿಂತುಬಿಟ್ಟಿದ್ದ.

"ಅವ್ವಗ ಏನ ಹೇಳಾಕತ್ತಾನ ಅವ? ಖರೇ ಹೇಳು."

ನಾನು ಅಕ್ಷರ ಕೂಡಿಸುವಷ್ಟರಲ್ಲಿ ಮಲ್ಲು ಹೇಳಿದ: "ಅವ್ವಾ, ನನ್ನ ಮನಸ್ಸು ಹುಡುಗೂರ ಕಡೆ ಐತಿ. ನಾ ಹಿಂಗ ಅದೇನಿ." ಅವನು ಅಕ್ಷರ ಓದುತ್ತಿರಲಿಲ್ಲ, ಅವನ ಬೆನ್ನು ಟೀವಿಗೆ ತಿರುಗಿತ್ತು.

ಕಾಶವ್ವ ಮಗನ ತುಟಿಯನ್ನೇ ನೋಡುತ್ತಿದ್ದಳು. "ಇನ್ನೊಮ್ಮೆ ಹೇಳು," ಎಂದಳು.

ಹೇಳಿದ. ಈ ಸಲ ಸ್ವಲ್ಪ ಗಟ್ಟಿಯಾಗಿ.

"ಮೊದಲನೇ ಸಲನ ತಿಳೀತಪಾ. ಕಿವೀಲೆ ಕೇಳಬೇಕಾಗಿತ್ತು, ಅದಕ್ಕ," ಎಂದು ಚಾಪೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದಳು. ಅವನು ಕುಳಿತಾಗ ಅವನ ಮೊಣಕಾಲ ಮೇಲೆ ಕೈಯಿಟ್ಟಳು. ಆ ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹೂಂ, ಮುಂದ ಓಡಸು. ಪರೀಕ್ಷಾ ಬರದನಿಲ್ಲೋ ನೋಡೂಣು," ಎಂದಳು.

ಇನ್ನು ಯಾವ ದನಿ ಕೊಡುವುದು? ಕದ್ದದ್ದಕ್ಕೆಲ್ಲ ನಾಚಿಕೆಯಾಗಿ, ಸ್ವಂತದ್ದನ್ನೇ ಹುಡುಗನ ಬಾಯಿಗಿಟ್ಟು ಮೆಲ್ಲಗೆ ಓದತೊಡಗಿದೆ. ಒಳಬಂದ ಕಾಕಾ ಎರಡು ನಿಮಿಷ ಕೇಳಿ ಮುಖ ಸಿಂಡರಿಸಿದರು.

"ಏನ್ಲೇ, ದನಿ ಕೆಟ್ಟೈತಲ್ಲೋ. ಮಜಾನ ಇಲ್ಲ."

"ಸುಮ್ಮ ಕುಂದರ್ರಿ," ಎಂದಳು ಕಾಶವ್ವ. "ಈಗ ಬಾಯಿಗೆ ಬರೋಬ್ಬರಿ ಹೊಂದೈತಿ."